ಇಬ್ಬರೂ ಹಾರ್ನ್ ಹೊಡೆದಿದ್ದರು, ಇಬ್ಬರಿಗೂ ಕೇಳಿಸಲಿಲ್ಲ: ಘಾಟಿ ರಸ್ತೆಗಳ ಬಗ್ಗೆ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಜಿಲ್ಲಾಧಿಕಾರಿಗಳು ಹಾಗೂ ಅಧ್ಯಕ್ಷರು,
ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿ,
ಶಿವಮೊಗ್ಗ.

ವಿಷಯ: ವಾಹನಗಳು ವೈರ್‌ಲೆಸ್ ಮೂಲಕ ಒಂದಕ್ಕೊಂದು ಎಚ್ಚರಿಕೆ ಕೊಡುವ ವ್ಯವಸ್ಥೆಯನ್ನು ಮಲೆನಾಡಿನ ಘಾಟಿಯಲ್ಲಿ ಪರೀಕ್ಷಿಸಲು ಕೋರಿ ಮನವಿ.

ಮಾನ್ಯರೇ,

ನಾನು ತೀರ್ಥಹಳ್ಳಿ ತಾಲ್ಲೂಕಿನವನು. 34 ವರ್ಷ ಟೆಲಿಕಾಂ ಕೆಲಸ ಮಾಡಿ ನಿವೃತ್ತನಾಗಿದ್ದೇನೆ. ಗುಡ್ಡದ ಮೇಲೆ ಟವರ್ ನಿಲ್ಲಿಸುವುದು, ಮಳೆಗಾಲದಲ್ಲಿ ಕೆಟ್ಟ ಲೈನ್ ಹುಡುಕಿಕೊಂಡು ಕಾಡು ಸುತ್ತುವುದು, ಇದೇ ನನ್ನ ಜೀವನವಾಗಿತ್ತು. ಯಾವ ಗುಡ್ಡದ ಹಿಂದೆ ಸಿಗ್ನಲ್ ಸಾಯುತ್ತದೆ, ಯಾವ ಬೋಳುಗುಡ್ಡದ ತುದಿಯಿಂದ ಎಲ್ಲಿಯವರೆಗೆ ಹೋಗುತ್ತದೆ ಅನ್ನುವುದನ್ನು ಕಾಲಲ್ಲಿ ನಡೆದು ಕಲಿತವನು. ಆ ಅನುಭವದಿಂದಲೇ ಈ ಪತ್ರ ಬರೆಯುತ್ತಿದ್ದೇನೆ. ಇದು ದೂರು ಹೌದು, ಆದರೆ ತಮ್ಮ ಮೇಲಿನ ದೂರಲ್ಲ. ತಾವು ಕೈಹಾಕಿದರೆ ಆಗಬಹುದಾದ ಒಂದು ಕೆಲಸ ಇದೆ. ಅದನ್ನು ತಮ್ಮ ಮುಂದೆ ಇಡುವುದಕ್ಕಾಗಿ ಬರೆಯುತ್ತಿದ್ದೇನೆ.

ಮೊದಲು ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ.

ಕಳೆದ ಮಳೆಗಾಲ. ಪುನರ್ವಸು ಮಳೆ ಬಿಡದೆ ಹಿಡಿದಿತ್ತು. ಅಕ್ಕನಿಗೆ ಕಣ್ಣಿನ ಆಪರೇಷನ್ ಆಗಿತ್ತು. ಅವಳನ್ನು ಮತ್ತೆ ಡಾಕ್ಟರಿಗೆ ತೋರಿಸಲು ಬಾಡಿಗೆ ಕಾರಿನಲ್ಲಿ ಘಾಟಿ ಇಳಿಯುತ್ತಿದ್ದೆವು. ಬೆಳಿಗ್ಗೆ ಏಳೂವರೆ ಇರಬೇಕು. ಘಾಟಿಗೆ ಮೋಡ ಇಳಿದಿತ್ತು. ಬಾನೆಟ್ಟಿನ ಮುಂದೆ ನಾಲ್ಕು ಮಾರು ಕಂಡರೆ ಜಾಸ್ತಿ. ನಮ್ಮ ಡ್ರೈವರ್ ಇಪ್ಪತ್ತು ವರ್ಷದಿಂದ ಇದೇ ರಸ್ತೆಯಲ್ಲಿ ಗಾಡಿ ಓಡಿಸುವವನು. ಪ್ರತಿ ತಿರುವಿಗೂ ಮೊದಲು ಉದ್ದಕ್ಕೆ ಹಾರ್ನ್ ಹೊಡೆಯುತ್ತಿದ್ದ, ಲೈಟ್ ಡಿಮ್ ಡಿಪ್ ಮಾಡುತ್ತಿದ್ದ. ಒಂದು ಎಡ ತಿರುವಿನಲ್ಲಿ ಎದುರಿಂದ ಪಿಕಪ್ ಬಂತು. ನಾವು ನೋಡುವುದಕ್ಕೂ ತಾಗುವುದಕ್ಕೂ ನಡುವೆ "ಅಯ್ಯೋ" ಅನ್ನುವಷ್ಟು ಹೊತ್ತೂ ಇರಲಿಲ್ಲ.

ನಮಗೆ ದೊಡ್ಡ ಪೆಟ್ಟಾಗಲಿಲ್ಲ. ಪಿಕಪ್ ಡ್ರೈವರಿನ ಎಡಗಾಲು ಪೆಡಲ್‌ಗಳ ನಡುವೆ ನಜ್ಜಾಗಿತ್ತು. ಇಪ್ಪತ್ನಾಲ್ಕು ಇಪ್ಪತ್ತೈದು ವರ್ಷದ ಹುಡುಗ. ಕೈಯಲ್ಲಿ ಸ್ಟೀರಿಂಗ್ ಹಿಡಿದುಕೊಂಡೇ ಇದ್ದ. "ಹಾರ್ನ್ ಹೊಡೆದೆ ಸಾರ್, ಹೊಡೆದೆ" ಅಂತ ಅದನ್ನೇ ಹೇಳುತ್ತಿದ್ದ. ಅವನು ಸುಳ್ಳು ಹೇಳುತ್ತಿರಲಿಲ್ಲ. ಹಿಂದೆ ಕೂತಿದ್ದ ಕೂಲಿಯವರೂ ಅದನ್ನೇ ಹೇಳಿದರು. ನಮ್ಮ ಡ್ರೈವರ್ ಹೊಡೆದದ್ದನ್ನು ನಾನೇ ಕೇಳಿದ್ದೇನೆ. ಇಬ್ಬರೂ ಹೇಳಬೇಕಾದ್ದನ್ನು ಹೇಳಿದ್ದರು. ಮಳೆ ಸದ್ದು, ಡೀಸೆಲ್ ಎಂಜಿನ್ ಸದ್ದು, ಏರಿಸಿದ ಗಾಜು, ವೈಪರ್ ಸದ್ದು, ನಡುವೆ ಎತ್ತರದ ಧರೆ. ಒಬ್ಬರ ಹಾರ್ನ್ ಇನ್ನೊಬ್ಬರಿಗೆ ಮುಟ್ಟಲೇ ಇಲ್ಲ.

ಮೊಬೈಲಿನಲ್ಲಿ ಒಂದು ಕಡ್ಡಿಯೂ ಇರಲಿಲ್ಲ. ಹಿಂದಿನಿಂದ ಬಂದ ಬೈಕಿನ ಹುಡುಗನೊಬ್ಬ ನೆನೆದುಕೊಂಡೇ ಕೆಳಗೆ ಹೋಗಿ ಸುದ್ದಿ ಮುಟ್ಟಿಸಿದ. ಆಂಬುಲೆನ್ಸ್ ಹೊರಟಿತು, ಆದರೆ ಅಷ್ಟರಲ್ಲಿ ಎರಡೂ ಕಡೆ ಗಾಡಿಗಳ ಸಾಲು. ಮೇಲಿನ ತಿರುವಿನಲ್ಲಿ ನಿಂತವರಿಗೆ ಯಾಕೆ ನಿಂತಿದ್ದೇವೆ ಅಂತ ಗೊತ್ತಿಲ್ಲ. ಕೆಲವರು ಬಲಕ್ಕೆ ನುಗ್ಗಿ ರಸ್ತೆಯನ್ನೇ ಮುಚ್ಚಿದರು. ಆ ಹುಡುಗನನ್ನು ಹೊರಗೆ ತೆಗೆದು ಸಾಗಿಸುವಾಗ ಒಂದೂಮುಕ್ಕಾಲು ಗಂಟೆ ಕಳೆದಿತ್ತು. ಅಷ್ಟೂ ಹೊತ್ತು ಅಕ್ಕ ಕಣ್ಣಿಗೆ ಕಪ್ಪು ಕನ್ನಡಕ ಹಾಕಿಕೊಂಡೇ ಅವನ ತಲೆಗೆ ಕೊಡೆ ಹಿಡಿದು ನಿಂತಿದ್ದಳು.

ಯಾವ ಘಾಟಿ, ಎಷ್ಟನೇ ತಿರುವು ಅಂತ ಇಲ್ಲಿ ಬರೆಯುವುದಿಲ್ಲ. ಅದು ಒಂದು ತಿರುವಿನ ಕತೆಯಲ್ಲ. ಆಗುಂಬೆಯಲ್ಲಿ 14 ಹೇರ್‌ಪಿನ್ ತಿರುವುಗಳಿವೆ. ಮಾಸ್ತಿಕಟ್ಟೆಯಿಂದ ಹೊಸಂಗಡಿಗೆ ಇಳಿಯುವ ಹುಲಿಕಲ್ ಘಾಟಿ ಇದೆ, ಅದನ್ನೇ ನಾವು ಬಾಳೆಬರೆ ಅನ್ನುತ್ತೇವೆ. ನಗರದಿಂದ ಕೊಲ್ಲೂರಿಗೆ ಇಳಿಯುವ ನಾಗೋಡಿ ದಾರಿ ಇದೆ. ಎಲ್ಲ ಕಡೆಯೂ ಇದೇ ಪಾಡು. ಆಗುಂಬೆ ಸುತ್ತ ವರ್ಷಕ್ಕೆ 7,000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಈ ರಸ್ತೆಗಳಲ್ಲಿ ಕಣ್ಣು ಕಿವಿ ಎರಡೂ ಅರ್ಧ ಕೆಲಸ ಮಾಡುತ್ತವೆ ಅಂದುಕೊಂಡೇ ಗಾಡಿ ಓಡಿಸಬೇಕು.

ಮಳೆ ಬಿಟ್ಟ ಮೇಲೆ ನಾನು ಆ ತಿರುವಿಗೆ ಮತ್ತೆ ಹೋದೆ. ಹೆಜ್ಜೆ ಹಾಕಿ ಅಳೆದೆ. ಮಂಜಿಲ್ಲದ ದಿನವೂ ಇಳಿಯುವ ಗಾಡಿಗೆ ಹತ್ತುವ ಗಾಡಿ ಕಾಣುವುದು ಸುಮಾರು 25 ಮೀಟರ್ ದೂರದಲ್ಲಿ. ಗಂಟೆಗೆ 30 ಕಿಲೋಮೀಟರ್ ವೇಗ ಅಂದರೆ ಸೆಕೆಂಡಿಗೆ 8 ಮೀಟರಿಗಿಂತ ಸ್ವಲ್ಪ ಜಾಸ್ತಿ. ಎರಡೂ ಗಾಡಿ ಸೇರಿದರೆ 16 ದಾಟುತ್ತದೆ. ಅಲ್ಲಿಗೆ ಸಿಗುವುದು ಒಂದೂವರೆ ಸೆಕೆಂಡ್. ಡ್ರೈವರ್ ಕಂಡು, ತಿಳಿದು, ಬ್ರೇಕಿನ ಮೇಲೆ ಕಾಲಿಡುವುದಕ್ಕೇ ಅಷ್ಟು ಬೇಕು. ಗಾಡಿ ನಿಲ್ಲಲು ಏನೂ ಉಳಿಯುವುದಿಲ್ಲ. ಇಲ್ಲಿ ಯಾರ ಅಜಾಗರೂಕತೆಯೂ ಇಲ್ಲ. ಸುದ್ದಿ ತಡವಾಗಿ ಮುಟ್ಟುತ್ತಿದೆ, ಅಷ್ಟೇ.

ಸುದ್ದಿಯನ್ನು ಬೇಗ ಮುಟ್ಟಿಸುವ ದಾರಿ ಈಗ ಇದೆ. ವಾಹನದಿಂದ ವಾಹನಕ್ಕೆ ವೈರ್‌ಲೆಸ್ ಸಂಪರ್ಕ. ಇಂಗ್ಲಿಷಿನ ಹೆಸರನ್ನು ಚಿಕ್ಕದು ಮಾಡಿ ವಿ ಟು ವಿ ಅನ್ನುತ್ತಾರೆ. ನಮ್ಮ ದೇಶದಲ್ಲೂ ಇದನ್ನು ತರುವ ಬಗ್ಗೆ ಕೇಂದ್ರ ಸಾರಿಗೆ ಸಚಿವಾಲಯದಲ್ಲಿ ಮಾತು ನಡೆಯುತ್ತಿದೆ. ಕೆಲಸದ ರೀತಿ ಸರಳ. ಪ್ರತಿ ಗಾಡಿಯಲ್ಲೂ ಒಂದು ಚಿಕ್ಕ ರೇಡಿಯೋ ಪೆಟ್ಟಿಗೆ ಇರುತ್ತದೆ. ನಾನು ಎಲ್ಲಿದ್ದೇನೆ, ಎಷ್ಟು ವೇಗ, ಯಾವ ದಿಕ್ಕು, ಬ್ರೇಕ್ ಹಿಡಿದಿದ್ದೇನೋ ಇಲ್ಲವೋ, ಇಷ್ಟನ್ನು ಅದು ಸೆಕೆಂಡಿಗೆ 10 ಸಲ ಸುತ್ತಲಿನವರಿಗೆ ಸಾರುತ್ತದೆ. ಸುತ್ತಲಿನ ಗಾಡಿಗಳ ಪೆಟ್ಟಿಗೆಗಳು ಅದನ್ನು ಕೇಳಿಸಿಕೊಂಡು, ಡಿಕ್ಕಿಯಾಗುವ ಲೆಕ್ಕ ಕಂಡರೆ ಡ್ರೈವರಿಗೆ ಸದ್ದು ಮಾಡಿ ಹೇಳುತ್ತವೆ. ಬಯಲಿನಲ್ಲಿ ಇದು ಸುಮಾರು 300 ಮೀಟರ್ ಮುಟ್ಟುತ್ತದೆ. ಗಾಜು ಏರಿಸಿದ್ದರೂ ಮುಟ್ಟುತ್ತದೆ, ಮಂಜಿದ್ದರೂ ಮುಟ್ಟುತ್ತದೆ. ಹೊಸ ಕಾರುಗಳಲ್ಲಿ ಬರುವ ಕ್ಯಾಮೆರಾ, ರಾಡಾರ್‌ಗಳಿಗೆ ತಮ್ಮ ಮುಂದೆ ಕಾಣುವುದಷ್ಟೇ ಗೊತ್ತು. ತಿರುವಿನ ಆಚೆ ಇರುವ ಗಾಡಿಯ ಸುದ್ದಿ ಬೇಕೆಂದರೆ ಆ ಗಾಡಿಯೇ ಹೇಳಬೇಕು.

ಮಲೆನಾಡಿನವರಿಗೆ ಇದು ಹೊಸ ಆಲೋಚನೆಯೇನಲ್ಲ. ನಾವು ಮೊದಲಿನಿಂದ ಹಾರ್ನ್ ಹೊಡೆದು, ಲೈಟ್ ಮಿಟುಕಿಸಿ ಇದನ್ನೇ ಮಾಡುತ್ತಿದ್ದೇವೆ. ಮುಂದೆ ಮರ ಬಿದ್ದಿದ್ದರೆ ವಾಪಸ್ ಬರುವ ಡ್ರೈವರ್ ಕೈ ಹೊರಗೆ ಹಾಕಿ ಎದುರಿನವನನ್ನು ನಿಲ್ಲಿಸಿ "ಹೋಗ್ಬೇಡಿ, ಮರ ಬಿದ್ದಿದೆ" ಅನ್ನುತ್ತಾನೆ. ಅವನು ಇನ್ನೊಬ್ಬನಿಗೆ ಹೇಳುತ್ತಾನೆ. ಧರೆ ಕುಸಿದರೂ ಹಾಗೆಯೇ, ಕಾಡುಕೋಣ ರಸ್ತೆಗೆ ಬಂದಿದ್ದರೂ ಹಾಗೆಯೇ. ಈ ವ್ಯವಸ್ಥೆಯಲ್ಲೂ ಸುದ್ದಿ ಗಾಡಿಯಿಂದ ಗಾಡಿಗೆ ದಾಟುತ್ತಾ ಹೋಗುವಂತೆ ಮಾಡಬಹುದು. ಅವತ್ತು ಹಾಗಿದ್ದಿದ್ದರೆ ಮೇಲಿನ ತಿರುವಿನವರು ಬಲಕ್ಕೆ ನುಗ್ಗುತ್ತಿರಲಿಲ್ಲ. ಆಂಬುಲೆನ್ಸ್ ಬರುತ್ತಿದೆ ಅಂತ ಕೆಳಗಿನವರಿಗೆ ಸೈರನ್ ಕೇಳುವ ಮೊದಲೇ ಗೊತ್ತಾಗುತ್ತಿತ್ತು. ತೀರ್ಥಹಳ್ಳಿ, ಆಗುಂಬೆ ಕಡೆಯ ಎಷ್ಟು ಮನೆಗಳವರು ಎದೆನೋವು ಬಂದವರನ್ನು ಕೂರಿಸಿಕೊಂಡು ಮಣಿಪಾಲಕ್ಕೆ ಇದೇ ಘಾಟಿ ಇಳಿಯುತ್ತಾರೆ ಅನ್ನುವುದು ತಮಗೆ ಗೊತ್ತೇ ಇದೆ.

ಇಲ್ಲಿಯವರೆಗೆ ಹೇಳಿದ್ದನ್ನು ಓದಿದರೆ ಪೆಟ್ಟಿಗೆ ಬಂದರೆ ಸಾಕು, ಎಲ್ಲ ಸರಿಹೋಗುತ್ತದೆ ಅನ್ನಿಸಬಹುದು. ಹಾಗಲ್ಲ. ನಾನು ಪತ್ರ ಬರೆಯಲು ಕೂತದ್ದೇ ಅದಕ್ಕೆ.

ಈ ರೇಡಿಯೋಗೆ ಜಗತ್ತಿನ ಹೆಚ್ಚಿನ ಕಡೆ ಇಟ್ಟಿರುವುದು 5.9 ಗಿಗಾಹರ್ಟ್ಸ್ ಸುತ್ತಲಿನ ತರಂಗ. ಅದರ ಅಲೆಯ ಉದ್ದ ಸುಮಾರು 5 ಸೆಂಟಿಮೀಟರ್. ಇಷ್ಟು ಚಿಕ್ಕ ಅಲೆ ಬೆಳಕಿನ ಹಾಗೆ ಹೆಚ್ಚುಕಮ್ಮಿ ನೇರವಾಗಿಯೇ ಹೋಗುತ್ತದೆ. 300 ಮೀಟರಿಗೆ ಮಳೆ ಇದನ್ನು ತಡೆಯುವುದಿಲ್ಲ, ಆ ಭಯ ಬೇಡ. ತಡೆಯುವುದು ಗುಡ್ಡ. ಆಮೇಲೆ ನೆನೆದ ಎಲೆಗಳ ದಟ್ಟ ಕಾಡು. ಊರಿನ ಚೌಕದಲ್ಲಿ ಕಟ್ಟಡಗಳ ಗೋಡೆಗೆ ಬಡಿದು ಅಲೆ ತಿರುಗಿ ಹೇಗೋ ಆಚೆ ರಸ್ತೆಗೆ ಮುಟ್ಟೀತು. ಒಂದು ಕಡೆ ಧರೆ, ಇನ್ನೊಂದು ಕಡೆ ಪ್ರಪಾತ ಇರುವ ತಿರುವಿನಲ್ಲಿ ಬಡಿದು ಬರಲು ಗೋಡೆ ಎಲ್ಲಿದೆ?

ನಾನೊಂದು ಚಿಕ್ಕ ಪರೀಕ್ಷೆ ಮಾಡಿ ನೋಡಿದೆ. ತಿರುವಿನ ಒಂದು ಬದಿ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಮೊಬೈಲ್ ಇಟ್ಟು 5 ಗಿಗಾಹರ್ಟ್ಸ್ ಹಾಟ್‌ಸ್ಪಾಟ್ ಆನ್ ಮಾಡಿದೆ. ಇನ್ನೊಂದು ಮೊಬೈಲ್ ಹಿಡಿದು ತಿರುವು ಬಳಸಿ ನಡೆದೆ. ಧರೆ ನಡುವೆ ಬಂದ ಕೆಲವೇ ಹೆಜ್ಜೆಗೆ ಸಿಗ್ನಲ್ ಹೋಯಿತು. 2.4 ಗಿಗಾಹರ್ಟ್ಸ್‌ಗೆ ಬದಲಾಯಿಸಿದೆ. ಇನ್ನೂ ಸ್ವಲ್ಪ ದೂರ ಉಳಿಯಿತು. ಗಾಡಿಗೆ ಹಾಕುವ ರೇಡಿಯೋ ಮೊಬೈಲಿಗಿಂತ ಗಟ್ಟಿ, ಅದರ ಆಂಟೆನಾ ಮೇಲೆ ಚಾವಣಿಯಲ್ಲಿರುತ್ತದೆ. ಆದ್ದರಿಂದ ನನ್ನ ಪರೀಕ್ಷೆಯೇ ಕೊನೆಯ ಮಾತು ಅಂತ ಹೇಳುವುದಿಲ್ಲ. ಆದರೆ ಭೌತಶಾಸ್ತ್ರ ಎರಡಕ್ಕೂ ಒಂದೇ ಅಲ್ವಾ? ಜಪಾನಿನವರು ಇದೇ ಕೆಲಸಕ್ಕೆ 760 ಮೆಗಾಹರ್ಟ್ಸ್ ಇಟ್ಟುಕೊಂಡಿದ್ದಾರೆ. ಅಲ್ಲಿ 2015ರಿಂದ ಟೊಯೋಟಾದ ಕೆಲವು ಕಾರುಗಳಲ್ಲಿ ಅದು ಬಂದಿದೆ. ಆ ಅಲೆ ಸುಮಾರು 40 ಸೆಂಟಿಮೀಟರ್ ಉದ್ದ. ಅಡ್ಡ ಬಂದದ್ದನ್ನು ಬಳಸಿಕೊಂಡು ಮುಟ್ಟುವ ಗುಣ ಅದಕ್ಕೆ ಜಾಸ್ತಿ. ನಾವು ಅದನ್ನೇ ತರಬೇಕು ಅಂತ ನಾನು ಕೇಳುತ್ತಿಲ್ಲ. ದೇಶಕ್ಕೆಲ್ಲ ಒಂದೇ ತರಂಗ ಇರಬೇಕು. ಆದರೆ 5.9 ಬಂದರೆ ಪ್ರತಿ ಕುರುಡು ತಿರುವಿನ ಹೊರಬದಿಯಲ್ಲಿ, ಎರಡೂ ಕಡೆಯ ರಸ್ತೆ ಕಾಣುವ ಜಾಗದಲ್ಲಿ, ಒಂದು ಕಂಬ ಬೇಕೇ ಬೇಕು. ಈ ಕಡೆಯ ಮಾತನ್ನು ಕೇಳಿ ಆ ಕಡೆಗೆ ದಾಟಿಸುವ ಕಂಬ. ನಾವು ಗುಡ್ಡದ ತುದಿಯಲ್ಲಿ ರಿಪೀಟರ್ ಇಡುತ್ತಿದ್ದೆವಲ್ಲ, ಅದೇ ಕೆಲಸ.

ಇನ್ನೊಂದು ತೊಂದರೆ ಬಯಲುಸೀಮೆಯಲ್ಲಿ ಕೂತು ಯೋಜನೆ ಮಾಡುವವರ ಕಣ್ಣಿಗೆ ಬೀಳುವುದು ಕಷ್ಟ. ಘಾಟಿಯಲ್ಲಿ ರಸ್ತೆ ಮಡಚಿಕೊಂಡು ಒಂದರ ಮೇಲೊಂದು ಹೋಗುತ್ತದೆ. ನಕಾಶೆಯಲ್ಲಿ ನೋಡಿದರೆ ಮೇಲಿನ ರಸ್ತೆಯ ಬಸ್ಸು, ಕೆಳಗಿನ ರಸ್ತೆಯ ಕಾರು ಹತ್ತಿರವೇ ಇವೆ, ಎದುರುಬದುರಾಗಿ ಬರುತ್ತಿವೆ. ನಿಜದಲ್ಲಿ ಅವುಗಳ ನಡುವೆ ದೊಡ್ಡ ಇಳಿಜಾರಿದೆ, ಅವು ಎದುರಾಗಲು ಇನ್ನೂ ಒಂದೆರಡು ನಿಮಿಷ ಬೇಕು. ಪೆಟ್ಟಿಗೆ ಎತ್ತರದ ಲೆಕ್ಕವನ್ನು ಸರಿಯಾಗಿ ಹಿಡಿಯದಿದ್ದರೆ ಪ್ರತಿ ತಿರುವಿನಲ್ಲೂ ಸುಳ್ಳು ಎಚ್ಚರಿಕೆ ಕೊಡುತ್ತದೆ. ಮೇಲಿಂದ ದಟ್ಟ ಮರ, ಪಕ್ಕದಲ್ಲಿ ಗುಡ್ಡ. ಪೆಟ್ಟಿಗೆ ತನ್ನ ಜಾಗ ತಿಳಿಯುವುದು ಉಪಗ್ರಹದ ಸಿಗ್ನಲ್‌ನಿಂದ, ಅದು ಇಲ್ಲಿ ಅರ್ಧ ಆಕಾಶದಿಂದ ಮಾತ್ರ ಸಿಗುತ್ತದೆ. ಎತ್ತರದ ಲೆಕ್ಕ ಕೆಡುವುದೂ ಇಂಥ ಕಡೆಯೇ. ಹತ್ತು ಸಲ ಸುಮ್ನೆ ಕೂಗಿದ ಪೆಟ್ಟಿಗೆಯ ವೈರನ್ನು ಹನ್ನೊಂದನೇ ಸಲ ಡ್ರೈವರ್ ಕಿತ್ತುಹಾಕುತ್ತಾನೆ. ಅವನನ್ನು ಬಯ್ದು ಪ್ರಯೋಜನವಿಲ್ಲ. ಇಲ್ಲಿ ಓಡಿಸಿ, ಇಲ್ಲಿಯೇ ಸರಿಮಾಡಿ, ಆಮೇಲೆ ಕೊಡಬೇಕು.

ಮೊಬೈಲ್ ನೆಟ್‌ವರ್ಕ್ ನಂಬಿಕೊಂಡ ಯಾವ ಉಪಾಯವೂ ನಮ್ಮ ಘಾಟಿಗೆ ಆಗುವುದಿಲ್ಲ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಈ ಸಂಪರ್ಕಕ್ಕೆ ಎರಡು ಬಗೆಯ ತಂತ್ರಜ್ಞಾನ ಇದೆ. ಒಂದು ವೈಫೈ ಕುಟುಂಬದ್ದು, ಡಿಎಸ್‌ಆರ್‌ಸಿ ಅನ್ನುತ್ತಾರೆ. ಅದರ ಮಾನದಂಡ 2010ರಲ್ಲೇ ಸಿದ್ಧವಾಯಿತು. ಇನ್ನೊಂದು ಮೊಬೈಲ್ ಕುಟುಂಬದ್ದು, ಸಿ-ವಿಟುಎಕ್ಸ್, 2017ರ ಹೊತ್ತಿಗೆ ಬಂತು. ಹೆಸರು ಕೇಳಿ ಎರಡನೆಯದಕ್ಕೆ ಟವರ್ ಬೇಕು ಅಂತ ಹಲವರು ತಿಳಿದಿದ್ದಾರೆ. ಬೇಕಿಲ್ಲ. ಅದರಲ್ಲಿ ಟವರಿನ ಹಂಗಿಲ್ಲದೆ ಗಾಡಿಯಿಂದ ಗಾಡಿಗೆ ನೇರ ಮಾತಾಡುವ ವಿಧಾನ ಇದೆ. ನಮಗೆ ಬೇಕಾದ್ದು ಅದು. ಟವರ್ ಮೂಲಕ ಸುದ್ದಿ ಕಳಿಸುವ ಆ್ಯಪ್ ತಂದು ಇದೇ ವಿ ಟು ವಿ ಅಂತ ಯಾರಾದರೂ ತಮ್ಮ ಸಭೆಯಲ್ಲಿ ತೋರಿಸಿದರೆ, ದಯವಿಟ್ಟು ಅವರನ್ನು ಒಂದು ದಿನ ಘಾಟಿಗೆ ಕರೆದುಕೊಂಡು ಬಂದು ಅದನ್ನು ಓಡಿಸಿ ತೋರಿಸಲು ಹೇಳಿ.

ತೀರ್ಮಾನಕ್ಕೆ ಬಾರದೆ, ಕೊನೆಕೊನೆಗೆ ಈ ಎರಡರ ಜಗಳದಲ್ಲಿ, ಅಮೆರಿಕ 20 ವರ್ಷಕ್ಕೂ ಜಾಸ್ತಿ ಕಳೆದುಕೊಂಡಿತು. 1999ರಲ್ಲೇ ಅಲ್ಲಿ ರಸ್ತೆ ಸುರಕ್ಷತೆಗೆ ಅಂತ 75 ಮೆಗಾಹರ್ಟ್ಸ್ ಅಗಲದ ತರಂಗಪಟ್ಟಿ ತೆಗೆದಿಟ್ಟರು. 2012ರಲ್ಲಿ ಆನ್ ಆರ್ಬರ್ ಊರಿನಲ್ಲಿ ಸುಮಾರು 2,800 ಗಾಡಿಗಳಿಗೆ ಪೆಟ್ಟಿಗೆ ಕಟ್ಟಿ ಓಡಿಸಿ ನೋಡಿದರು. ಹೊಸ ಕಾರುಗಳಿಗೆಲ್ಲ ಕಡ್ಡಾಯ ಮಾಡುವ ಕರಡನ್ನೂ ತಂದರು, ಅದನ್ನು ಮುಂದೆ ಕೈಬಿಟ್ಟರು. 2020ರಲ್ಲಿ ಆ ಪಟ್ಟಿಯ 45 ಮೆಗಾಹರ್ಟ್ಸ್ ವೈಫೈಗೆ ಹೋಯಿತು, ಉಳಿದ 30 ಮೊಬೈಲ್ ಕುಟುಂಬದ ತಂತ್ರಜ್ಞಾನಕ್ಕೆ ಸಿಕ್ಕಿತು. ಒಂದು ಬಗೆಯ ರೇಡಿಯೋ ಆಡಿದ ಮಾತು ಇನ್ನೊಂದಕ್ಕೆ ಅರ್ಥವಾಗುವುದಿಲ್ಲ. ಯಾವುದು ಗೆಲ್ಲುತ್ತದೋ ಗೊತ್ತಿಲ್ಲದೆ ಹೆಚ್ಚಿನವರು ದುಡ್ಡು ಹಾಕಲು ಹಿಂಜರಿದರು. ನಮ್ಮಲ್ಲಿ ಯಾವುದನ್ನು ಆರಿಸಿದರೂ ಒಂದನ್ನೇ ಆರಿಸಿ ಬೇಗ ಹೇಳಲಿ ಅಂತ ಕೇಂದ್ರಕ್ಕೆ ಬರೆಯುವಾಗ ತಾವು ಸೇರಿಸಬೇಕು.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಇದನ್ನು ಹೊಸ ಕಾರಿನಿಂದ ಶುರು ಮಾಡಿದರೆ ನಮ್ಮ ಕಾಲಕ್ಕೆ ಮುಟ್ಟುವುದಿಲ್ಲ. ಲೆಕ್ಕ ನೋಡಿ. ಒಂದು ರಸ್ತೆಯಲ್ಲಿ ನೂರು ಗಾಡಿಯಲ್ಲಿ ಹತ್ತಕ್ಕೆ ಪೆಟ್ಟಿಗೆ ಇದೆ ಅನ್ನೋಣ. ಎರಡು ಗಾಡಿ ಎದುರಾದಾಗ ಎರಡರಲ್ಲೂ ಪೆಟ್ಟಿಗೆ ಇರುವ ಸಂಭವ ಹತ್ತರಲ್ಲಿ ಒಂದಲ್ಲ, ನೂರರಲ್ಲಿ ಒಂದು. ಅರ್ಧದಷ್ಟು ಗಾಡಿಗೆ ಬಂದರೂ ನಾಲ್ಕರಲ್ಲಿ ಒಂದು ಸಲ ಮಾತ್ರ ಕೆಲಸಕ್ಕೆ ಬರುತ್ತದೆ. ನಮ್ಮ ಕಡೆ ಜೀಪುಗಳು, ಪಿಕಪ್‌ಗಳು ಇಪ್ಪತ್ತು ವರ್ಷ ಓಡುತ್ತವೆ. ಹೊಸ ಕಾರು ಕೊಂಡವನು ದುಡ್ಡು ಕೊಟ್ಟು ಪೆಟ್ಟಿಗೆ ಹಾಕಿಸಿಕೊಂಡರೂ ಎದುರಿಗೆ ಬರುವ ಹಳೇ ಪಿಕಪ್ ಅವನಿಗೆ ಮೂಕ.

ಘಾಟಿಯಲ್ಲಿ ಮಾತ್ರ ಈ ಲೆಕ್ಕ ಬೇರೆ. ಇಲ್ಲಿ ದಿನಾ ಓಡುವ ಗಾಡಿಗಳು ಅವೇ. ಅವೇ ಮಿನಿ ಬಸ್ಸುಗಳು, ಅವೇ ಮೀನಿನ ಗಾಡಿಗಳು, ಹಾಲಿನ ಗಾಡಿ, ತರಕಾರಿ ಗಾಡಿ, ಶಾಲೆ ವ್ಯಾನು, ಬಾಡಿಗೆ ಕಾರು, ಆಂಬುಲೆನ್ಸ್. ಡ್ರೈವರ್‌ಗಳಿಗೆ ಒಬ್ಬರಿಗೊಬ್ಬರ ಹೆಸರು ಗೊತ್ತು. ದೇಶದ ಕೋಟಿಗಟ್ಟಲೆ ಗಾಡಿಗಳಿಗೆ ಸಾಸಿವೆ ಎರಚಿದ ಹಾಗೆ ಪೆಟ್ಟಿಗೆ ಹಂಚುವುದಕ್ಕಿಂತ ಒಂದು ಘಾಟಿಯ ನಿತ್ಯದ ಗಾಡಿಗಳಿಗೆಲ್ಲ ಹಾಕಿದರೆ ಅವು ದಿನಕ್ಕೆ ಹತ್ತಾರು ಸಲ ನಿಜವಾಗಿ ಎದುರಾಗುತ್ತವೆ. ಒಂದು ಮಳೆಗಾಲದಲ್ಲೇ ಇದರ ಗುಣದೋಷ ಗೊತ್ತಾಗುತ್ತದೆ. ಪೆಟ್ಟಿಗೆ ಇಲ್ಲದ ಹೊರಗಿನ ಗಾಡಿಗಳಿಗಾಗಿ ಅದೇ ಕಂಬಕ್ಕೆ ಒಂದು ರಾಡಾರ್, ಒಂದು ದೊಡ್ಡ ಹಳದಿ ದೀಪ ಇರಲಿ. ಆಚೆಯಿಂದ ಯಾವುದೇ ಗಾಡಿ ಬಂದರೂ ಈ ಕಡೆ ದೀಪ ಮಿನುಗಲಿ. ಇದು ಕನಸಲ್ಲ. 2017ರಲ್ಲಿ ಜಮ್ಮು–ಶ್ರೀನಗರ ಹೆದ್ದಾರಿಯ ತಿರುವುಗಳಲ್ಲಿ ಎಚ್‌ಪಿ ಲೂಬ್ರಿಕೆಂಟ್ಸ್ ಇಂಥ ಕಂಬಗಳನ್ನು ಹಾಕಿತ್ತು. ತಿರುವಿನ ಎರಡು ಬದಿಯ ಕಂಬಗಳು ರಾಡಾರಿನಲ್ಲಿ ಗಾಡಿಯ ವೇಗ ಅಳೆದು, ವೈರ್‌ಲೆಸ್‌ನಲ್ಲಿ ಒಂದಕ್ಕೊಂದು ಹೇಳಿ, ಎದುರಿನ ಗಾಡಿಗೆ ಹಾರ್ನ್ ಹೊಡೆಯುತ್ತಿದ್ದವು. ಗಾಡಿಯೊಳಗೆ ಏನೂ ಹಾಕಬೇಕಿರಲಿಲ್ಲ.

ಕಂಬ ಹಾಕುವವರಿಗೆ ನನ್ನ ಅನುಭವದ ಎರಡು ಮಾತು. ಸೋಲಾರ್ ಹಾಕಿ ಬಿಟ್ಟು ಹೋಗಬೇಡಿ. ನಮ್ಮಲ್ಲಿ ವಾರಗಟ್ಟಲೆ ಬಿಸಿಲು ಬರುವುದಿಲ್ಲ, ಸೋಲಾರ್ ಪ್ಯಾನೆಲ್ ಮೇಲೆ ಪಾಚಿ ಕಟ್ಟುತ್ತದೆ. ಬೇಕಾಗುವುದು ಅದೇ ದಿನಗಳಲ್ಲಿ. ಹಾಗೇ ಅರ್ತಿಂಗ್ ಸರಿಯಾಗಿ ಮಾಡಿ. ಮುಂಗಾರಿನ ಮೊದಲ ಸಿಡಿಲಿಗೆ ಎಷ್ಟು ಸಾಮಾನು ಸುಟ್ಟುಹೋಗಿದ್ದನ್ನು ನಾನು ಕಂಡಿದ್ದೇನೆ ಅಂದರೆ ಲೆಕ್ಕವಿಲ್ಲ.

ರಸ್ತೆ ಅಗಲ ಮಾಡಿ ಅಂತ ನಾನು ಕೇಳುತ್ತಿಲ್ಲ ಅನ್ನುವುದನ್ನು ತಾವು ಗಮನಿಸಬೇಕು. ಧರೆ ಕಡಿದಲ್ಲೆಲ್ಲ ಮರುವರ್ಷ ಧರೆ ಕುಸಿಯುವುದನ್ನು ನಾವೆಲ್ಲ ನೋಡಿದ್ದೇವೆ. ಆಗುಂಬೆಯ ಕೆಳಗೆ ಸೋಮೇಶ್ವರ ಅಭಯಾರಣ್ಯ ಇದೆ. ಸಿಂಗಳೀಕಗಳಿರುವ ಕಾಡು ಅದು. ಆ ಕಾಡನ್ನು ಕಡಿಯದೆ, ಗುಡ್ಡವನ್ನು ಮುಟ್ಟದೆ ತಿರುವನ್ನು ಸುರಕ್ಷಿತ ಮಾಡುವ ದಾರಿ ಒಂದಿದ್ದರೆ ಅದನ್ನು ಮೊದಲು ನೋಡಬೇಕಲ್ವಾ? ನನಗೆ ಈ ವೈರ್‌ಲೆಸ್ ಮೇಲೆ ಇಷ್ಟು ಆಸೆ ಹುಟ್ಟಲು ಅರ್ಧ ಕಾರಣ ಇದೇ.

ಬೈಕಿನವರನ್ನು ಬಿಟ್ಟು ಈ ಯೋಜನೆ ಮಾಡಬೇಡಿ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ ಅಂತ ಕೇಂದ್ರದ ವರದಿಯೇ ಹೇಳುತ್ತದೆ. ಅವರಲ್ಲಿ ನೂರಕ್ಕೆ 44.5 ಜನ ದ್ವಿಚಕ್ರ ವಾಹನದವರು. ಹೆಲ್ಮೆಟ್, ಅದರ ಮೇಲೆ ಜರ್ಕಿನ್ ಟೊಪ್ಪಿ, ಅದರ ಮೇಲೆ ಮಳೆ. ಹಾರ್ನ್ ಎಲ್ಲರಿಗಿಂತ ಕಡಿಮೆ ಕೇಳುವುದು ಅವರಿಗೆ. ಹ್ಯಾಂಡಲ್ಲಿಗೆ ಕಟ್ಟುವ ಚಿಕ್ಕ ಪೆಟ್ಟಿಗೆ, ಕೈಗೆ ತಿಳಿಯುವ ನಡುಕದ ಎಚ್ಚರಿಕೆ, ಇಂಥದ್ದೇನಾದರೂ ಅವರಿಗೆ ಹೊಂದುವುದನ್ನು ಪರೀಕ್ಷೆಯ ಮೊದಲ ದಿನದಿಂದಲೇ ಸೇರಿಸಿ.

ನನಗಿರುವ ದೊಡ್ಡ ಹೆದರಿಕೆ ಬೇರೆ. ಪೆಟ್ಟಿಗೆ ಬಂದು, ಕಾಗದಕ್ಕಷ್ಟೇ ಉಳಿದರೆ? 2019ರಿಂದ ಹೊಸ ಸಾರ್ವಜನಿಕ ವಾಹನಗಳಿಗೆ ಸ್ಥಾನ ತಿಳಿಸುವ ಉಪಕರಣ ಮತ್ತು ತುರ್ತು ಬಟನ್ ಕಡ್ಡಾಯವಾಗಿದೆ. ಒಳ್ಳೆಯ ನಿಯಮ. ಆದರೆ ನಾನು ಹತ್ತಿದ ಒಂದು ಬಸ್ಸಿನಲ್ಲಿ ಆ ಕೆಂಪು ಬಟನ್ನಿಗೆ ಯಾರೋ ಕೈಚೀಲ ನೇತುಹಾಕಿದ್ದರು. ಕಂಡಕ್ಟರನ್ನು ಕೇಳಿದೆ. "ಎಫ್‌ಸಿಗೆ ಬೇಕು ಅಂತ ಹಾಕಿದ್ದು, ಅದೇನೂ ಕೆಲಸ ಮಾಡಲ್ಲ ಸಾರ್" ಅಂದ. ಇದಕ್ಕೂ ಆ ಗತಿ ಬರಬಾರದು. ಪೆಟ್ಟಿಗೆ ಹಾಕಿದ ಮೇಲೆ ಪ್ರತಿ ತಿಂಗಳು ಯಾರು ನೋಡುತ್ತಾರೆ, ಕೆಟ್ಟರೆ ತೀರ್ಥಹಳ್ಳಿಯಲ್ಲೇ ರಿಪೇರಿ ಮಾಡುವವರು ಯಾರು, ಖರ್ಚು ಯಾರದ್ದು, ಇದನ್ನು ಮೊದಲೇ ಬರೆದಿಡಬೇಕು.

ಡ್ರೈವರ್‌ಗಳ ಜೊತೆ ಮಾತಾಡಿದಾಗ ಎಲ್ಲರೂ ಕೇಳಿದ ಪ್ರಶ್ನೆ ಒಂದೇ. "ಅದ್ರಲ್ಲಿ ನಮ್ಮ ಸ್ಪೀಡು ಗೊತ್ತಾಗತ್ತಲ್ಲ, ಫೈನ್ ಹಾಕ್ತಾರಾ?" ಈ ಸಂದೇಶಗಳಲ್ಲಿ ಗಾಡಿಯ ನಂಬರಾಗಲಿ ಮಾಲೀಕನ ಹೆಸರಾಗಲಿ ಇರುವುದಿಲ್ಲ. ಸುಳ್ಳು ಸಂದೇಶ ತಡೆಯಲು ಡಿಜಿಟಲ್ ಸಹಿ ಇರುತ್ತದೆ. ಗುರುತು ಹಿಡಿಯಬಾರದು ಅಂತ ಆ ಸಹಿಯೂ ಆಗಾಗ ಬದಲಾಗುವಂತೆ ಮಾಡಿರುತ್ತಾರೆ. ನಾನು ಅಷ್ಟು ಹೇಳಿದೆ. ನಂಬಲಿಲ್ಲ. ನನ್ನ ಮಾತು ಸಾಲದು, ತಮ್ಮ ಮಾತು ಬೇಕು. ಪರೀಕ್ಷೆಯ ಅವಧಿಯಲ್ಲಿ ಈ ಪೆಟ್ಟಿಗೆಯ ಮಾಹಿತಿಯಿಂದ ಯಾರಿಗೂ ದಂಡ ಹಾಕುವುದಿಲ್ಲ ಅಂತ ತಮ್ಮ ಸಹಿಯ ಒಂದು ಆದೇಶ ಬಂದರೆ ಅರ್ಧ ಕೆಲಸ ಆದ ಹಾಗೆ.

ನಾನು ಇದನ್ನೆಲ್ಲ ಮೊದಲ ಸಲ ಬರೆಯುತ್ತಿಲ್ಲ. ಒಂದು ಕಚೇರಿಗೆ ಮೂರು ಅರ್ಜಿ ಕೊಟ್ಟೆ. "ತಮ್ಮ ಅರ್ಜಿಯನ್ನು ಸಂಬಂಧಪಟ್ಟವರಿಗೆ ಕಳುಹಿಸಲಾಗಿದೆ" ಅಂತ ಎರಡು ಸಲ ಉತ್ತರ ಬಂತು. ಸಂಬಂಧಪಟ್ಟವರು ಯಾರು ಅಂತ ಎರಡರಲ್ಲೂ ಇರಲಿಲ್ಲ. ಮೂರನೆಯದಕ್ಕೆ ಉತ್ತರವೇ ಇಲ್ಲ. ಅಲ್ಲಿ ಕೂತವರ ಕಷ್ಟ ನನಗೆ ಅರ್ಥವಾಗುತ್ತದೆ. ರಸ್ತೆ ಒಬ್ಬರದ್ದು, ಕಾಡು ಇನ್ನೊಬ್ಬರದ್ದು, ಗಾಡಿ ಮತ್ತೊಬ್ಬರದ್ದು, ತರಂಗ ದೆಹಲಿಯವರದ್ದು. ಘಾಟಿಯ ತಲೆ ಶಿವಮೊಗ್ಗ ಜಿಲ್ಲೆಯಲ್ಲಿ, ಬುಡ ಉಡುಪಿ ಜಿಲ್ಲೆಯಲ್ಲಿ. ಎಲ್ಲರನ್ನೂ ಒಂದೇ ಮೇಜಿಗೆ ಕರೆಯುವ ಅಧಿಕಾರ ಇರುವುದು ತಮ್ಮ ಸಮಿತಿಗೆ. ಅದಕ್ಕೇ ಈ ಸಲ ತಮಗೆ, ಎಲ್ಲರೂ ಓದುವ ಹಾಗೆ, ಬರೆದಿದ್ದೇನೆ.

ನನ್ನ ಕೋರಿಕೆ ಇಷ್ಟು. ಮುಂದಿನ ರಸ್ತೆ ಸುರಕ್ಷತಾ ಸಭೆಯಲ್ಲಿ ಇದನ್ನು ಒಂದು ವಿಷಯವಾಗಿ ಇಡಿ. ಆ ಸಭೆಗೆ ಉಡುಪಿ ಜಿಲ್ಲೆಯವರನ್ನೂ ಅರಣ್ಯ ಇಲಾಖೆಯವರನ್ನೂ ಕರೆಯಿರಿ, ಬಸ್ ಮಾಲೀಕರ ಜೊತೆಗೆ ಡ್ರೈವರ್‌ಗಳನ್ನೂ ಕೂರಿಸಿ. ದೇಶದಲ್ಲಿ ಎಲ್ಲೆಲ್ಲಿ ಪರೀಕ್ಷೆ ಮಾಡುತ್ತಾರೋ ಅದರಲ್ಲಿ ಮಲೆನಾಡಿನ ಒಂದು ಘಾಟಿ ಇರಲೇಬೇಕು ಅಂತ ಕೇಂದ್ರ ಸಚಿವಾಲಯಕ್ಕೆ ಜಿಲ್ಲೆಯ ಪರವಾಗಿ ಬರೆಯಿರಿ. ನೇರ ಹೆದ್ದಾರಿಯಲ್ಲಿ ಮಾತ್ರ ಪಾಸಾದ ವ್ಯವಸ್ಥೆಯನ್ನು ನಮ್ಮ ಮೇಲೆ ಹೇರಿದರೆ ಅದು ಬಂದೂ ಬಾರದ ಹಾಗೆ. ಅಳತೆ, ಪರೀಕ್ಷೆಗೆ ಬೇಕಾದ ವಿದ್ಯೆ ಹತ್ತಿರದಲ್ಲೇ ಇದೆ. ಶಿವಮೊಗ್ಗದಲ್ಲಿ ಜೆಎನ್‌ಎನ್‌ಸಿಇ ಎಂಜಿನಿಯರಿಂಗ್ ಕಾಲೇಜು ಇದೆ, ಘಾಟಿ ಇಳಿದರೆ ಸುರತ್ಕಲ್‌ನಲ್ಲಿ ಎನ್‌ಐಟಿಕೆ ಇದೆ. ಎರಡೂ ಕಡೆ ರೇಡಿಯೋ ಓದುವ ಮಕ್ಕಳಿದ್ದಾರೆ. ಅವರಿಗೆ ಒಂದು ಮಳೆಗಾಲ ಘಾಟಿಯಲ್ಲಿ ಕೆಲಸ ಕೊಡಿ.

ವೈರ್‌ಲೆಸ್ ಬರುವವರೆಗೆ ಸುಮ್ಮನೆ ಕೂರಬೇಕಿಲ್ಲ. ಮಾಸಿದ ನಡುಗೆರೆಗೆ ಬಣ್ಣ, ತಡೆಗೋಡೆಗೆ ರಿಫ್ಲೆಕ್ಟರ್, ಒಡೆದ ಕನ್ನಡಿಗೆ ಹೊಸ ಕನ್ನಡಿ, ಇವು ಈ ಬೇಸಿಗೆಯಲ್ಲೇ ಆಗುವ ಕೆಲಸ. ಹತ್ತುವ ಗಾಡಿಗೆ ಮೊದಲು ದಾರಿ ಅನ್ನುವ ನಿಯಮವನ್ನು ಘಾಟಿಯ ಎರಡೂ ತುದಿಯಲ್ಲಿ ದೊಡ್ಡ ಅಕ್ಷರದಲ್ಲಿ ಕನ್ನಡದಲ್ಲಿ ಬರೆಸಿ.

ಸಭೆಗೆ ಕರೆದರೆ ನಾನು ಬರುತ್ತೇನೆ. ಮೂರು ಘಾಟಿಗಳ ಹನ್ನೊಂದು ಕುರುಡು ತಿರುವುಗಳನ್ನು ಹೆಜ್ಜೆ ಹಾಕಿ ಅಳೆದು ಬರೆದಿಟ್ಟ ಪುಸ್ತಕ ನನ್ನ ಹತ್ತಿರ ಇದೆ. ಎಲ್ಲಿಂದ ಎಷ್ಟು ದೂರ ಕಾಣುತ್ತದೆ, ಎಲ್ಲಿ ಕಂಬ ನಿಲ್ಲಿಸಿದರೆ ಎರಡೂ ಕಡೆ ಸಿಗುತ್ತದೆ ಅಂತ ಚಿತ್ರ ಬಿಡಿಸಿದ್ದೇನೆ. ಆ ಪಿಕಪ್ ಹುಡುಗನನ್ನೂ ಕೇಳಿದೆ. ಕಾಲು ಇನ್ನೂ ಪೂರ್ತಿ ಬಗ್ಗುವುದಿಲ್ಲ, ಆದರೆ ಕರೆದರೆ ಬಂದು ಹೇಳುತ್ತೇನೆ ಅಂದಿದ್ದಾನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಟೆಲಿಕಾಂ ನೌಕರ,
ತೀರ್ಥಹಳ್ಳಿ ತಾಲ್ಲೂಕು, ಶಿವಮೊಗ್ಗ ಜಿಲ್ಲೆ.